ಲುಸಿಂಡಾ ವಿಲಿಯಮ್ಸ್: ಯಾವ ಕಪಾಟಿಗೂ ಸೇರದ ಹಾಡು

ಅಮೆರಿಕದ ಗಾನಮುದ್ರಣ ಜಗತ್ತಿನವರು ವರ್ಷಕ್ಕೊಮ್ಮೆ ಕೊಡುವ ಗ್ರಾಮಿ ಬಹುಮಾನ ಲುಸಿಂಡಾ ವಿಲಿಯಮ್ಸ್ ಎಂಬ ಗಾಯಕಿಗೆ ಮೂರು ಬಾರಿ ಬಂದಿದೆ. 1994ರಲ್ಲಿ ಬಂದದ್ದು ಕಂಟ್ರಿ ಹಾಡಿನ ರಚನೆಗಾಗಿ. 1999ರಲ್ಲಿ ಬಂದದ್ದು ಜನಪದ ಶೈಲಿಯ ಸಂಪುಟಕ್ಕಾಗಿ. 2002ರಲ್ಲಿ ಬಂದದ್ದು ರಾಕ್ ಗಾಯನಕ್ಕಾಗಿ. ಒಬ್ಬ ಕವಿಗೆ ಒಮ್ಮೆ ನಾಟಕಕಾರನೆಂದೂ ಮತ್ತೊಮ್ಮೆ ಕಾದಂಬರಿಕಾರನೆಂದೂ ಮೂರನೆಯ ಸಲ ಪ್ರಬಂಧಕಾರನೆಂದೂ ಶಾಲು ಹೊದಿಸಿದ ಹಾಗಾಯಿತು; ಪಾಪ, ಆತ ಬರೆದದ್ದೆಲ್ಲ ಪದ್ಯವೇ ಆಗಿದ್ದರೂ ಸರಿ! ಈ ಎಂಟು ವರ್ಷಗಳಲ್ಲಿ ಕಪಾಟಿನ ಮೇಲಿನ ಚೀಟಿ ಬದಲಾಯಿತೇ ಹೊರತು ಹಾಡುಗಾರ್ತಿ ಬದಲಾಗಲಿಲ್ಲ. ಈಕೆಯ ಐದು ದಶಕಗಳ ಹಾಡುಗಾರಿಕೆಯನ್ನು ವಿಮರ್ಶಿಸುವವನು ಮೊದಲು ಎದುರಿಸಬೇಕಾದ ಪ್ರಶ್ನೆ ಇದೇ: ಚೀಟಿಗೆ ಸಿಕ್ಕದ ಆ ವಸ್ತು ಯಾವುದು?

ಕಂಟ್ರಿ ಎಂಬುದು ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಹುಟ್ಟಿ, ಪಿಟೀಲು ಗಿಟಾರುಗಳ ಜೊತೆಯಲ್ಲಿ ಬೆಳೆದು, ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ದೊಡ್ಡ ವ್ಯಾಪಾರವಾಗಿ ನೆಲೆನಿಂತ ಸಂಗೀತ. ರಾಕ್ ಎಂಬುದು ಅದರ ಸೋದರಸಂಬಂಧಿಯೇ. ಕಪ್ಪು ಜನರ ಬ್ಲೂಸ್ ಹಾಡಿನಿಂದಲೂ ಕಂಟ್ರಿಯಿಂದಲೂ ರಕ್ತ ಪಡೆದು, ವಿದ್ಯುತ್ ಗಿಟಾರನ್ನು ಹಿಡಿದು ಪಟ್ಟಣ ಸೇರಿದ್ದು. ಹುಟ್ಟಿನಲ್ಲಿ ಒಂದಾಗಿದ್ದರೂ ವ್ಯಾಪಾರದಲ್ಲಿ ಇವು ಬೇರೆಬೇರೆ ಮನೆಗಳು. ಅವುಗಳಿಗೆ ಬೇರೆ ರೇಡಿಯೋ ನಿಲಯಗಳು, ಬೇರೆ ಗಿರಾಕಿಗಳು. 1980ರ ದಶಕದ ನಡುವೆ ಲುಸಿಂಡಾ ಲಾಸ್ ಏಂಜಲೀಸಿಗೆ ಹೋದಾಗ ಒಂದು ದೊಡ್ಡ ಕಂಪನಿ ಆಕೆಗೆ ಹಣ ಕೊಟ್ಟು ಮಾದರಿ ಹಾಡುಗಳನ್ನು ಮುದ್ರಿಸಿಕೊಂಡಿತಂತೆ. ಅದನ್ನು ಕೇಳಿದ ಲಾಸ್ ಏಂಜಲೀಸಿನವರು ಇದು ರಾಕ್‌ಗೆ ಆಗದಷ್ಟು ಕಂಟ್ರಿ ಎಂದರು. ನ್ಯಾಶ್‌ವಿಲ್‌ನವರು ಇದು ಕಂಟ್ರಿಗೆ ಆಗದಷ್ಟು ರಾಕ್ ಎಂದರು. ಎರಡು ಮನೆಗಳ ನೆಂಟನ ಗತಿ ಈಕೆಗೂ ಬಂತು. ಈ ಕಥೆಯನ್ನು ಆಕೆ ಅನೇಕ ಸಂದರ್ಶನಗಳಲ್ಲಿ ನಗುತ್ತಲೇ ಹೇಳಿದ್ದಾರೆ. ಆದರೆ ಆಗ ಮೂವತ್ತು ದಾಟಿದ್ದ ಹೆಂಗಸಿಗೆ ಅದು ನಗೆಯ ಮಾತಾಗಿರಲಾರದು.

ಈ ಬೆರಕೆಯನ್ನು ಲುಸಿಂಡಾ ಬೇಕೆಂದು ಕಲಿತದ್ದಲ್ಲ. ಅದು ಹುಟ್ಟಿದ ಮನೆಯಲ್ಲೇ ಇತ್ತು. ಆಕೆ ಹುಟ್ಟಿದ್ದು 1953ರ ಜನವರಿಯಲ್ಲಿ, ಲೂಯಿಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್ ಎಂಬ ಊರಿನಲ್ಲಿ. ತಂದೆ ಮಿಲ್ಲರ್ ವಿಲಿಯಮ್ಸ್ ಮೊದಲು ಜೀವಶಾಸ್ತ್ರದ ಅಧ್ಯಾಪಕರು, ಆಮೇಲೆ ಸಾಹಿತ್ಯದ ಅಧ್ಯಾಪಕರು, ಎಲ್ಲಕ್ಕೂ ಮೇಲಾಗಿ ಕವಿ. ಚಿಲಿ ದೇಶದ ನಿಕನೋರ್ ಪಾರ್ರಾ ಅವರ ಕವಿತೆಗಳನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬರು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಎರಡನೆಯ ಪದಗ್ರಹಣ ಸಮಾರಂಭದಲ್ಲಿ ಕವಿತೆ ಓದುವ ಗೌರವ ಪಡೆದವರು. ಕೆಲಸ ಖಾಯಂ ಆಗದ ಕಾಲೇಜು ಮೇಷ್ಟರ ಸಂಸಾರ ಹೇಗೆ ಊರೂರು ಅಲೆಯುತ್ತದೆಂಬುದನ್ನು ಈ ವೃತ್ತಿಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಮೇಕನ್, ಬ್ಯಾಟನ್ ರೂಜ್, ನ್ಯೂ ಆರ್ಲಿಯನ್ಸ್, ಜ್ಯಾಕ್ಸನ್, ನಡುವೆ ಚಿಲಿಯ ಸಾಂಟಿಯಾಗೋ, ಮೆಕ್ಸಿಕೋ ನಗರ, ಕೊನೆಗೆ ಅರ್ಕನ್ಸಾದ ಫೇಯಟ್‌ವಿಲ್ ಎಂದು ಆ ಸಂಸಾರ ಗಂಟುಮೂಟೆ ಕಟ್ಟುತ್ತಲೇ ಇತ್ತು. ತಂದೆಯೊಡನೆ ಕಥೆಗಾರ್ತಿ ಫ್ಲಾನರಿ ಒ'ಕಾನರ್ ಅವರ ಮನೆಗೆ ಹೋದ ಪುಟ್ಟ ಲುಸಿಂಡಾ, ಅಂಗಳದಲ್ಲಿದ್ದ ನವಿಲುಗಳನ್ನು ಅಟ್ಟಿಸಿಕೊಂಡು ಓಡಿದಳೆಂಬುದು ಈಗ ಪ್ರಸಿದ್ಧವಾದ ಮಾತು. ಮನೆಯಲ್ಲಿ ತಂದೆಗೆ ಪ್ರಿಯವಾದದ್ದು ಹ್ಯಾಂಕ್ ವಿಲಿಯಮ್ಸ್‌ನ ಕಂಟ್ರಿ ಹಾಡುಗಳು. 1965ರಲ್ಲಿ, ಮಗಳಿಗೆ ಹನ್ನೆರಡು ವರ್ಷವಾಗಿದ್ದಾಗ, ತಂದೆಯ ಶಿಷ್ಯನೊಬ್ಬ ಬಾಬ್ ಡಿಲನ್‌ನ ‘ಹೈವೇ 61 ರಿವಿಸಿಟೆಡ್’ ಎಂಬ ಹೊಸ ಧ್ವನಿಮುದ್ರಿಕೆಯನ್ನು ಮನೆಗೆ ತಂದ. ಕವಿಯ ಮಾತೂ ರಾಕ್‌ನ ಅಬ್ಬರವೂ ಒಂದೇ ಹಾಡಿನಲ್ಲಿ ಇರಬಹುದೆಂಬುದನ್ನು ಆ ಹುಡುಗಿ ಅಂದೇ ಕಂಡುಕೊಂಡಳು.

ಮೊದಲ ಎರಡು ಸಂಪುಟಗಳನ್ನು ಬೇಗ ದಾಟಬಹುದು. 1979ರ ‘ರ್‍ಯಾಂಬ್ಲಿನ್’ ಪೂರ್ತಿಯಾಗಿ ಪರರ ಹಾಡು. ಹಳೆಯ ಬ್ಲೂಸ್, ಹಳೆಯ ಕಂಟ್ರಿ, ಗಿಟಾರ್ ಬಿಟ್ಟರೆ ಬೇರೆ ಆಡಂಬರವಿಲ್ಲ. ಮರುವರ್ಷದ ‘ಹ್ಯಾಪಿ ವುಮನ್ ಬ್ಲೂಸ್’ ಸ್ವಂತ ರಚನೆಗಳದು. ಎರಡನ್ನೂ ಹೊರತಂದದ್ದು ಫೋಕ್‌ವೇಸ್ ಎಂಬ, ಜನಪದ ಸಂಗೀತಕ್ಕೆ ಹೆಸರಾದ ಸಣ್ಣ ಸಂಸ್ಥೆ. ಒಳ್ಳೆಯ ವಿದ್ಯಾರ್ಥಿನಿಯ ಕೆಲಸ, ಅಷ್ಟೇ. ಆಮೇಲೆ ಎಂಟು ವರ್ಷ ಮೌನ.

ಆ ಮೌನ ಮುರಿದದ್ದು 1988ರಲ್ಲಿ. ಎರಡು ಮನೆಗಳೂ ಬಾಗಿಲು ಹಾಕಿದ್ದ ಈಕೆಯನ್ನು ಕರೆದು ಹಾಡಿಸಿದ್ದು ರಫ್ ಟ್ರೇಡ್ ಎಂಬ ಬ್ರಿಟಿಷ್ ಸಂಸ್ಥೆ. ಅದು ಪಂಕ್ ಎಂಬ ಅತ್ಯಂತ ಒರಟು ರಾಕ್‌ಗೆ ಹೆಸರಾದದ್ದು. ಕಪಾಟುಗಳ ಗೊಡವೆ ಇಲ್ಲದವರಿಗೇ ಈಕೆಯ ಬೆಲೆ ತಿಳಿಯಿತೆನ್ನೋಣ. ‘ಲುಸಿಂಡಾ ವಿಲಿಯಮ್ಸ್’ ಎಂಬ ಆಕೆಯ ಹೆಸರನ್ನೇ ಹೊತ್ತ ಆ ಸಂಪುಟ ಆಗ ಮಾರಾಟವಾದದ್ದು ಕಡಮೆ. ಆದರೆ ಅದರಿಂದ ಇತರರು ಆರಿಸಿಕೊಂಡ ಹಾಡುಗಳನ್ನು ನೋಡಿ: ‘ದಿ ನೈಟ್ಸ್ ಟೂ ಲಾಂಗ್’ ಹಾಡನ್ನು ಪ್ಯಾಟಿ ಲವ್‌ಲೆಸ್ ಹಾಡಿ ಕಂಟ್ರಿ ರೇಡಿಯೋದಲ್ಲಿ ಹೆಸರು ಪಡೆದರು. ‘ಕ್ರೆಸೆಂಟ್ ಸಿಟಿ’ಯನ್ನು ಎಮಿಲೂ ಹ್ಯಾರಿಸ್ ಹಾಡಿದರು. ‘ಚೇಂಜ್ಡ್ ದ ಲಾಕ್ಸ್’ ಹಾಡನ್ನು ರಾಕ್ ಗಾಯಕ ಟಾಮ್ ಪೆಟ್ಟಿ ಹಾಡಿದ. ‘ಪ್ಯಾಶನೇಟ್ ಕಿಸಸ್’ ಅನ್ನು ಮೇರಿ ಚೇಪಿನ್ ಕಾರ್ಪೆಂಟರ್ ಹಾಡಿ 1993ರಲ್ಲಿ ನಾಡಿಗೆಲ್ಲ ಕೇಳಿಸಿದರು; ಲುಸಿಂಡಾ ಅವರ ಮೊದಲ ಗ್ರಾಮಿ ಬಂದದ್ದು ಆ ಹಾಡಿನ ಕರ್ತೃವಾಗಿ. ಎರಡು ಮನೆಯವರೂ ಬೇಡವೆಂದ ಹಾಡನ್ನು ಎರಡು ಮನೆಯವರೂ ಕೊಂಡುಕೊಂಡರು. ಬೇಡವಾದದ್ದು ಹಾಡಿದವಳ ಕಂಠ ಮಾತ್ರ.

ಈ ಕೊನೆಯ ಹಾಡಿನ ಎರಡು ಪಾಠಗಳನ್ನು ಒಂದರ ಹಿಂದೊಂದು ಕೇಳುವುದು ವಿಮರ್ಶೆಯ ಒಳ್ಳೆಯ ಅಭ್ಯಾಸ. ಹಾಡಿನ ವಸ್ತು ಸರಳ. ಒಬ್ಬ ಹೆಂಗಸು ತನಗೆ ಬಾಳಿನಲ್ಲಿ ಬೇಕಾದ ವಸ್ತುಗಳನ್ನು ಎಣಿಸುತ್ತಾಳೆ; ಹಾಸಿಗೆ, ಊಟ, ಬಟ್ಟೆ, ಲೇಖನಿ, ಸ್ವಲ್ಪ ಏಕಾಂತ; ಇವುಗಳ ಜೊತೆಗೇ, ಇವುಗಳಷ್ಟೇ ಸಹಜವಾಗಿ, ಪ್ರೀತಿಯನ್ನೂ ಕೇಳುತ್ತಾಳೆ. ಕಾರ್ಪೆಂಟರ್ ಅವರ ಕಂಠ ನುಣುಪು, ಆತ್ಮವಿಶ್ವಾಸ ತುಂಬಿದ್ದು. ಅವರ ಬಾಯಲ್ಲಿ ಇದು ಸುಖವಾಗಿರುವ ಹೆಂಗಸೊಬ್ಬಳು ತನ್ನ ಹಕ್ಕನ್ನು ಮಂಡಿಸುವ ಹಾಡಾಗುತ್ತದೆ. ಲುಸಿಂಡಾ ಅವರ ಕಂಠ ಒಡಕು. ಸ್ವರದ ಅಂಚು ಸವೆದಿದೆ. ಅವರ ಬಾಯಲ್ಲಿ ಆ ಪಟ್ಟಿಯ ಒಂದೊಂದು ವಸ್ತುವೂ ಕೈಯಲ್ಲಿಲ್ಲದ ವಸ್ತು. ಕೇಳುವ ಪ್ರಶ್ನೆ ಒಂದೇ ಆದರೂ ಒಬ್ಬರಲ್ಲಿ ಅದು ಉತ್ತರ ಗೊತ್ತಿರುವ ಪ್ರಶ್ನೆ, ಇನ್ನೊಬ್ಬರಲ್ಲಿ ನಿಜವಾದ ಪ್ರಶ್ನೆ. ಹಾಡಿನ ಮಾತು ಬೇರೆ ಕಂಠ ಬೇರೆ ಎಂದು ತಿಳಿದವರು ಇದನ್ನು ಕೇಳಬೇಕು.

ಇನ್ನು 1998ರ ಸಂಪುಟ. ಇದರ ಹೆಸರಿನ ಅರ್ಥ ‘ಜಲ್ಲಿ ರಸ್ತೆಯ ಮೇಲೆ ಕಾರಿನ ಚಕ್ರಗಳು’. ಮೂಲದಲ್ಲಿ ‘ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್’. ಹಿಂದಿನ ಸಂಪುಟ ಬಂದದ್ದು 1992ರಲ್ಲಿ. ಆರು ವರ್ಷದ ಅಂತರ. ಆಸ್ಟಿನ್ ನಗರದಲ್ಲಿ ತನ್ನ ಹಳೆಯ ಜೊತೆಗಾರ ಗರ್ಫ್ ಮಾರ್ಲಿಕ್ಸ್ ಅವರೊಡನೆ ಮೊದಲು ಮುದ್ರಣವಾಯಿತು. ಆ ನಡುವೆ ಸ್ಟೀವ್ ಅರ್ಲ್ ಅವರ ಸಂಪುಟವೊಂದರಲ್ಲಿ ಒಂದು ಹಾಡಿಗೆ ದನಿಗೂಡಿಸಲು ಹೋದ ಲುಸಿಂಡಾ, ಅಲ್ಲಿ ತನ್ನ ಕಂಠ ಕೇಳಿಸಿದ ರೀತಿಗೆ ಮನಸೋತು, ತನ್ನ ಹಾಡುಗಳನ್ನೆಲ್ಲ ಅರ್ಲ್ ಮತ್ತು ರೇ ಕೆನಡಿ ಅವರೊಡನೆ ನ್ಯಾಶ್‌ವಿಲ್‌ನಲ್ಲಿ ಮತ್ತೆ ಮುದ್ರಿಸಿದರು. ಅದೂ ಸಾಲದೆಂದು ಲಾಸ್ ಏಂಜಲೀಸಿನಲ್ಲಿ ರಾಯ್ ಬಿಟ್ಟನ್ ಅವರೊಡನೆ ಕೊನೆಯ ತಿದ್ದುಪಡಿ. ಮಾರ್ಲಿಕ್ಸ್ ಮುನಿದು ದೂರವಾದರು. ಪತ್ರಿಕೆಗಳು ಈಕೆಯನ್ನು ಎಂದೂ ತೃಪ್ತಿಯಾಗದ, ಪೀಡಿಸುವ ಹೆಂಗಸೆಂದು ಚಿತ್ರಿಸಿದವು. ಗಂಡಸರು ಇಷ್ಟೇ ಕಾಲ ತೆಗೆದುಕೊಂಡರೆ ಅದಕ್ಕೆ ತಪಸ್ಸೆಂದು ಹೆಸರು. ಹೆಂಗಸು ತೆಗೆದುಕೊಂಡರೆ ಹಟವೆಂದು ಹೆಸರು. ನನ್ನ ಮಟ್ಟಿಗೆ ಆ ಆರು ವರ್ಷಗಳ ಅರ್ಥ ಸ್ಪಷ್ಟ. ಆಕೆ ಬಯಸಿದ್ದು ಅಲಂಕಾರವನ್ನಲ್ಲ. ಹಾಡು ಕೋಣೆಯೊಳಗೆ ಕುಳಿತು ಹಾಡಿದಂತೆ ಹತ್ತಿರ ಕೇಳಿಸಬೇಕು, ಒಡಕು ಒಡಕಾಗಿಯೇ ಉಳಿಯಬೇಕು ಎಂಬುದು ಆಕೆಯ ಬೇಡಿಕೆ. ಕೆಲಸ ಬಾಕಿ ಇದ್ದದ್ದು ಸೇರಿಸುವುದಕ್ಕಲ್ಲ, ಕಳೆಯುವುದಕ್ಕೆ.

ಹಾಡುಗಳಿಗೆ ಬರೋಣ. ನಮ್ಮ ಆಲಂಕಾರಿಕರು ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ದೋಷವೆಂದರು. ‘ಶೋಕ’ ಎಂದು ಬರೆದ ಮಾತ್ರಕ್ಕೆ ಶೋಕ ಹುಟ್ಟದು. ವಿಭಾವ ಬೇಕು, ಕಣ್ಣಿಗೆ ಕಾಣುವ ವಸ್ತು ಬೇಕು. ತರಗತಿಯಲ್ಲಿ ಈ ಸೂತ್ರಕ್ಕೆ ಉದಾಹರಣೆ ಹುಡುಕುವವರಿಗೆ ಈ ಸಂಪುಟಕ್ಕಿಂತ ಒಳ್ಳೆಯ ಆಧುನಿಕ ನಿದರ್ಶನ ಸಿಕ್ಕುವುದು ಕಷ್ಟ. ಇದರ ಕೊನೆಯ ಹಾಡು ‘ಜ್ಯಾಕ್ಸನ್’. ಪ್ರಿಯನನ್ನು ಬಿಟ್ಟು ಕಾರಿನಲ್ಲಿ ಹೊರಟ ಹೆಂಗಸಿನ ಹಾಡು. ಲಾಫಾಯೆಟ್, ಬ್ಯಾಟನ್ ರೂಜ್, ವಿಕ್ಸ್‌ಬರ್ಗ್, ಜ್ಯಾಕ್ಸನ್ ಎಂದು ಊರುಗಳ ಹೆಸರು ಬರುತ್ತವೆ. ಭೂಪಟ ತೆಗೆದು ನೋಡಿದರೆ ಇವು ದಾರಿಯ ಕ್ರಮದಲ್ಲೇ ಇವೆ. ಇನ್ನೊಂದು ಊರು ತಲುಪಿದರೆ ಸಾಕು, ಅವನ ನೆನಪು ತನ್ನನ್ನು ಕಾಡದೆಂದು ಪ್ರತಿ ಪದ್ಯದಲ್ಲೂ ಆಕೆ ಹೇಳಿಕೊಳ್ಳುತ್ತಾಳೆ. ಒಂದು ಊರಿಗೆ ಸಾಲುವ ಧೈರ್ಯ ಇದ್ದಿದ್ದರೆ ನಾಲ್ಕು ಊರು ಏಕೆ ಬೇಕಾಗುತ್ತಿತ್ತು? ವಾಚ್ಯಾರ್ಥದಲ್ಲಿ ನಿರಾಕರಣೆ, ಧ್ವನಿಯಲ್ಲಿ ವಿರಹ. ಊರ ಹೆಸರುಗಳೇ ಅಳುತ್ತವೆ.

ವಸ್ತುಗಳ ಮೇಲಿನ ಈ ನಂಬಿಕೆ ಸಂಪುಟದ ತುಂಬ ಹರಡಿದೆ. ‘ಡ್ರಂಕನ್ ಏಂಜೆಲ್’ ಬ್ಲೇಜ್ ಫೋಲಿ ಎಂಬ ಗಾಯಕನ ಮೇಲಿನ ಚರಮಗೀತೆ. ಹರಿದ ಬೂಟಿಗೂ ಬಟ್ಟೆಗೂ ಅಂಟುಪಟ್ಟಿ ಸುತ್ತಿಕೊಂಡು ತಿರುಗುತ್ತಿದ್ದ, ಪ್ರತಿಭೆಯಷ್ಟೇ ಕುಡಿತವೂ ಇದ್ದ ಆತ 1989ರಲ್ಲಿ ಆಸ್ಟಿನ್‌ನಲ್ಲಿ ಗುಂಡೇಟಿಗೆ ಬಲಿಯಾದ. ಹಾಡು ಆತನನ್ನು ಹೊಗಳುವುದಕ್ಕೂ ಹೋಗುವುದಿಲ್ಲ, ಬುದ್ಧಿ ಹೇಳುವುದಕ್ಕೂ ಹೋಗುವುದಿಲ್ಲ. ಇನ್ನೊಂದು ಹಾಡಿನ ಮೂಲ, ಮಿಸಿಸಿಪ್ಪಿಯ ಕಪ್ಪು ಜನರ ಕುಡಿತ ಕುಣಿತದ ಮನೆಗಳನ್ನು ಬರ್ನಿ ಐಮ್ಸ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರಗಳ ಪುಸ್ತಕ. ಗೋಡೆಯ ಮೇಲಿನ ಫಲಕ ಬರಹಗಳನ್ನೇ ಕವಿ ಇಲ್ಲಿ ಪದ್ಯವಾಗಿ ಜೋಡಿಸಿದ್ದಾರೆ. ಬೇರೆಯವರ ಕೈಯಲ್ಲಿ ಇದು ಬರಿಯ ಪಟ್ಟಿಯಾಗುತ್ತಿತ್ತು.

ಸಂಪುಟಕ್ಕೆ ಹೆಸರು ಕೊಟ್ಟ ಹಾಡಿನ ವಿಚಾರ ಬೇರೆಯೇ ಆಗಿ ಹೇಳಬೇಕು. ಅಡಿಗೆಮನೆಯ ವಾಸನೆ, ರೇಡಿಯೋದ ಕಂಟ್ರಿ ಹಾಡು, ಮುಂದಿನ ಸೀಟಿನಿಂದ ಹಿರಿಯರ ತಗ್ಗಿದ ದನಿ, ಕಟ್ಟಿಟ್ಟ ಸಾಮಾನು, ಹೊರಟ ಕಾರು, ಹಿಂದಿನ ಸೀಟಿನಲ್ಲಿ ಒಂದು ಮಗು. ಹಾಡಿನಲ್ಲಿ ಇರುವುದು ಇಷ್ಟೇ. ಏಕೆ ಹೊರಟರು, ಯಾರ ಮೇಲೆ ಯಾರಿಗೆ ಕೋಪ, ಒಂದನ್ನೂ ಹೇಳಿಲ್ಲ. ಮಗುವಿಗೆ ಗೊತ್ತಿಲ್ಲದ್ದು ಹಾಡಿಗೂ ಗೊತ್ತಿಲ್ಲ. ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಯಲ್ಲಿ ಲುಸಿಂಡಾ ಇದನ್ನು ಹಾಡಿದಾಗ ತಂದೆ ಕೇಳುಗರ ನಡುವೆ ಇದ್ದರು. ಹಾಡು ಮುಗಿದ ಮೇಲೆ ಬಂದು ಮಗಳಲ್ಲಿ ಕ್ಷಮೆ ಕೇಳಿದರಂತೆ. ಏಕೆಂದು ಮಗಳಿಗೆ ತಿಳಿಯಲಿಲ್ಲ. ಕಾರಿನ ಹಿಂದಿನ ಸೀಟಿನ ಮಗು ನೀನೇ ಅಲ್ಲವೇ ಎಂದು ತಂದೆ ಹೇಳಿದ ಮೇಲೆಯೇ ತನಗೆ ಅದು ಹೊಳೆದದ್ದು ಎಂದು ಆಕೆ ಹೇಳಿಕೊಂಡಿದ್ದಾರೆ. ವಸ್ತುಗಳನ್ನು ಮಾತ್ರ ಪ್ರಾಮಾಣಿಕವಾಗಿ ನೋಡಿದ ಕವಿಗೆ, ತಾನು ಏನು ಹೇಳಿದೆನೆಂಬುದು ಇನ್ನೊಬ್ಬರ ಕಣ್ಣಿನಿಂದ ತಿಳಿಯಿತು. ಆ ಇನ್ನೊಬ್ಬರು ಕವಿಯೂ ಹೌದು, ತಪ್ಪೊಪ್ಪಿದ ತಂದೆಯೂ ಹೌದು. ಲುಸಿಂಡಾ ಬಹುಕಾಲ ತನ್ನ ಸಾಹಿತ್ಯವನ್ನು ತಂದೆಗೆ ತೋರಿಸಿಯೇ ಹಾಡುತ್ತಿದ್ದರು ಎಂಬುದನ್ನು ನೆನೆದರೆ ಈ ಪ್ರಸಂಗದ ತೂಕ ಇನ್ನೂ ಹೆಚ್ಚುತ್ತದೆ.

ಕಂಟ್ರಿಯೂ ರಾಕ್‌ಗಳೂ ಇಲ್ಲಿ ಎಲ್ಲಿ ಕೂಡುತ್ತವೆ? ಕಂಟ್ರಿಯಿಂದ ಆಕೆ ಪಡೆದದ್ದು ಕಥೆ ಹೇಳುವ ಗುಣ, ಊರ ಹೆಸರು, ಸರಳ ಪದ. ಆದರೆ ನ್ಯಾಶ್‌ವಿಲ್‌ನ ಸಾಮಾನ್ಯ ಹಾಡಿಗೆ ಒಂದು ದುರಭ್ಯಾಸವುಂಟು: ಕಥೆಯ ಕೊನೆಗೆ ನೀತಿಯನ್ನೋ ಚಮತ್ಕಾರವನ್ನೋ ಕಟ್ಟುವುದು. ಅದನ್ನು ಕತ್ತರಿಸಿ ಹಾಕಿದ್ದು ರಾಕ್‌ನ ಸಂಸ್ಕಾರ. ಹಾಗೆಯೇ ರಾಕ್‌ನ ಅಬ್ಬರದಲ್ಲಿ ಮಾತು ಕರಗಿಹೋಗದಂತೆ ತಡೆದದ್ದು ಕಂಟ್ರಿಯ ಸಂಸ್ಕಾರ. ಒಂದು ಇನ್ನೊಂದರ ದೋಷಕ್ಕೆ ಮದ್ದಾಯಿತು. ಬರಿಯ ಬೆರಕೆಯಾಗಿದ್ದರೆ ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು; ಎರಡೂ ದೋಷಗಳನ್ನು ಕಳೆದು ಬೆರಸಿದವರು ಕಡಮೆ.

ಮುಂದಿನ ಸಂಪುಟಗಳಲ್ಲಿ ಈ ಸಮತೋಲ ಸದಾ ಉಳಿಯಲಿಲ್ಲ. 2001ರ ‘ಎಸೆನ್ಸ್’ನಲ್ಲಿ ಮಾತು ಬಹಳ ಕಡಮೆಯಾಯಿತು, ಊರು ವಸ್ತುಗಳು ಹಿಂದೆ ಸರಿದವು, ಲಯ ಮುಂದೆ ಬಂತು. ಅದರ ಉತ್ತಮ ಹಾಡುಗಳಲ್ಲಿ ಈ ಮಿತವ್ಯಯ ಚೆನ್ನಾಗಿಯೇ ಇದೆ. ಕೆಲವು ಹಾಡುಗಳಲ್ಲಿ ಮಾತ್ರ ಒಂದೇ ಪದ ತಿರುತಿರುಗಿ ಬಂದು ಕೇಳುಗ ಕಾಯುತ್ತಾನೆ, ಏನೂ ಬರುವುದಿಲ್ಲ. 2003ರ ‘ವರ್ಲ್ಡ್ ವಿದೌಟ್ ಟಿಯರ್ಸ್’ ಹೆಚ್ಚು ಒರಟು, ಹೆಚ್ಚು ರಾಕ್. ಅದರ ಧೈರ್ಯ ದೊಡ್ಡದು. 2007ರ ‘ವೆಸ್ಟ್’, 2004ರಲ್ಲಿ ತೀರಿಕೊಂಡ ತಾಯಿಯ ದುಃಖವನ್ನು ಹೊತ್ತ ಸಂಪುಟ. ಅದರ ಕೆಲವು ಹಾಡು ಹೃದಯವನ್ನು ಹಿಂಡುತ್ತವೆ. ಆದರೆ ಅದೇ ಸಂಪುಟದಲ್ಲಿ ಸುಮಾರು ಒಂಬತ್ತು ನಿಮಿಷ ಎಳೆಯುವ, ಮಾತನ್ನು ತಾಳಕ್ಕೆ ಉದುರಿಸುತ್ತ ಹೋಗುವ ಒಂದು ರಚನೆಯಿದೆ. ಅದು ಏಕಿದೆಯೋ ತಿಳಿಯದು. ಅಲ್ಲಿ ಆಕೆ ಭಾವವನ್ನು ಹೆಸರಿಟ್ಟು ಕೂಗುತ್ತಾರೆ. ಕೂಗಿದ್ದು ಕೇಳಿಸುತ್ತದೆ, ಭಾವ ಮುಟ್ಟುವುದಿಲ್ಲ. ತನ್ನದೇ ನಿಯಮವನ್ನು ಮುರಿದಾಗಲೆಲ್ಲ ಆಕೆ ಸೋತಿದ್ದಾರೆಂಬುದು ನನ್ನ ಎಣಿಕೆ. 1992ರ ‘ಸ್ವೀಟ್ ಓಲ್ಡ್ ವರ್ಲ್ಡ್’ ಸಂಪುಟವನ್ನು 2017ರಲ್ಲಿ ಪೂರ್ತಿಯಾಗಿ ಮತ್ತೆ ಹಾಡಿದ್ದನ್ನು ಅನೇಕರು ಅನಾವಶ್ಯಕವೆಂದರು. ನನಗೆ ಹಾಗೆನಿಸಲಿಲ್ಲ. ಅದರಲ್ಲಿ ‘ಪೈನೋಲಾ’ ಎಂಬ ಹಾಡಿದೆ. ತಂದೆಯ ಬಳಗದಲ್ಲಿದ್ದ ತರುಣ ಕವಿ ಫ್ರಾಂಕ್ ಸ್ಟ್ಯಾನ್‌ಫರ್ಡ್ 1978ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ಸುದ್ದಿ ಬಂದ ದಿನದ ಹಾಡು. ಮೂವತ್ತೊಂಬತ್ತರ ಹೆಂಗಸು ಹಾಡಿದ್ದಕ್ಕೂ ಅರವತ್ತನಾಲ್ಕರ ಹೆಂಗಸು ಹಾಡಿದ್ದಕ್ಕೂ ನಡುವೆ, ಸತ್ತವನಿಗೆ ಮಾತ್ರ ವಯಸ್ಸಾಗಿಲ್ಲ. ಎರಡು ಮುದ್ರಣಗಳನ್ನೂ ಕೇಳಿದರೆ ಅದು ಕಿವಿಗೇ ತಿಳಿಯುತ್ತದೆ.

2014ರಲ್ಲಿ ಆಕೆ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ‘ಹೈವೇ 20’. ಜ್ಯಾಕ್ಸನ್, ವಿಕ್ಸ್‌ಬರ್ಗ್, ಮನ್ರೋ ಊರುಗಳನ್ನು ಹಾದುಹೋಗುವ ಹೆದ್ದಾರಿಯದು. ಕಪಾಟು ಸಿಕ್ಕದವರು ಕೊನೆಗೆ ರಸ್ತೆಯನ್ನೇ ವಿಳಾಸ ಮಾಡಿಕೊಂಡರು. ಆ ಸಂಸ್ಥೆಯ ಮೊದಲ ಸಂಪುಟದ ಮೊದಲ ಹಾಡು ತಂದೆಯ ‘ಕಂಪ್ಯಾಶನ್’ ಎಂಬ ಕವಿತೆ. ಎದುರಿಗೆ ಬಂದವರು ಯಾರೇ ಆಗಲಿ, ಅವರ ಒಳಗಿನ ನೋವು ನಮಗೆ ಕಾಣದು, ಆದ್ದರಿಂದ ಕರುಣೆ ಇರಲಿ ಎಂಬ ಭಾವದ ಪುಟ್ಟ ಪದ್ಯವದು. ಅಚ್ಚಾದ ಕವಿತೆಯನ್ನು ಹಾಡಾಗಿಸುವಾಗ ರಾಗ ಹೆಚ್ಚಾಗಿ ಮಾತು ಮುಳುಗುವುದು ಎಲ್ಲ ಭಾಷೆಗಳಲ್ಲೂ ಕಾಣುವ ಕೇಡು. ಇಲ್ಲಿ ಗಿಟಾರ್ ಬಿಟ್ಟು ಇನ್ನೇನೂ ಇಲ್ಲವೆನ್ನುವಷ್ಟು ಬಯಲು. ಮಗಳ ಒಡಕು ಕಂಠದಲ್ಲಿ ತಂದೆಯ ಅಚ್ಚುಕಟ್ಟಾದ ಸಾಲುಗಳು ಮುರಿದು ಮುರಿದು ಬರುತ್ತವೆ. ಪುಟದ ಮೇಲೆ ಉಪದೇಶದಂತೆ ಕಂಡದ್ದು ಇಲ್ಲಿ ಬೇಡಿಕೆಯಾಗುತ್ತದೆ. ಆಗಲೇ ಮರೆವಿನ ಬೇನೆಗೆ ಸಿಕ್ಕಿದ್ದ ಮಿಲ್ಲರ್ ವಿಲಿಯಮ್ಸ್ 2015ರ ಜನವರಿ 1ರಂದು ತೀರಿಕೊಂಡರು.

2020ರ ನವೆಂಬರಿನಲ್ಲಿ ಲುಸಿಂಡಾ ಅವರಿಗೆ ಪಾರ್ಶ್ವವಾಯು ತಗುಲಿತು. ದೇಹದ ಎಡಭಾಗ ಸೋತಿತು. ನಡಿಗೆ ಮರಳಿತು, ಗಿಟಾರ್ ಹಿಡಿಯುವ ಕೈ ಮೊದಲಿನಂತೆ ಮರಳಲಿಲ್ಲ. ನಲವತ್ತು ವರ್ಷ ತಂತಿಯ ಮೇಲೆ ಬೆರಳಾಡಿಸುತ್ತಲೇ ಹಾಡು ಕಟ್ಟಿದವರಿಗೆ ಇದು ಬರಿಯ ವಾದ್ಯದ ನಷ್ಟವಲ್ಲ. 2023ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ ಆಕೆ, ಅದೇ ವರ್ಷ ‘ಸ್ಟೋರೀಸ್ ಫ್ರಮ್ ಎ ರಾಕ್ ಎನ್ ರೋಲ್ ಹಾರ್ಟ್’ ಎಂಬ ಸಂಪುಟವನ್ನೂ ತಂದರು. ಇದರ ಹಾಡುಗಳನ್ನು ಜೊತೆಗಾರರೊಡನೆ ಕೂಡಿ ಕಟ್ಟಿದ್ದಾರೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನಂಥ ರಾಕ್ ಗಾಯಕ ಹಿಮ್ಮೇಳಕ್ಕೆ ಬಂದು ದನಿಗೂಡಿಸಿದ್ದಾರೆ. ಬೇರೆ ಕೈಗಳು ಸೇರಿದ್ದು ಕೇಳಿಸುತ್ತದೆ. ರಾಗಗಳು ದುಂಡಾಗಿವೆ, ಪಲ್ಲವಿಗಳು ದೊಡ್ಡವಾಗಿವೆ, ಊರ ಹೆಸರುಗಳು ಕಡಮೆ. 1998ರ ಸಂಪುಟದ ಪಕ್ಕದಲ್ಲಿ ಇದನ್ನು ಇಡಲಾರೆ. ಆದರೆ ಅದರ ಮೆಲ್ಲಗಿನ ಹಾಡುಗಳಲ್ಲಿ, ನಾಲಿಗೆ ಒಂದು ವ್ಯಂಜನವನ್ನು ತಡವಿ ತಡವಿ ಹಿಡಿಯುವ ಕಡೆಗಳಲ್ಲಿ, ಕೇಳುಗನು ಮುಂದಕ್ಕೆ ಬಾಗಬೇಕಾಗುತ್ತದೆ. ಹೊಸ ಕೇಳುಗರು ಇಲ್ಲಿಂದ ಆರಂಭಿಸುವುದು ಬೇಡ. ‘ಜ್ಯಾಕ್ಸನ್’ ಹಾಡಿನಿಂದ ಆರಂಭಿಸಲಿ. ಸಾಹಿತ್ಯವನ್ನು ಒಮ್ಮೆ ಕಾಗದದ ಮೇಲೆ ಓದಿಕೊಂಡು, ಬಳಿಕ ಕಾಗದವನ್ನು ಬದಿಗಿಟ್ಟು ಕೇಳಲಿ, ಏಕೆಂದರೆ ಆಕೆಯ ದಕ್ಷಿಣದ ಉಚ್ಚಾರ ನಮ್ಮ ಕಿವಿಗೆ ಮೊದಲ ಸಲ ಪೂರ್ತಿ ದಕ್ಕುವುದಿಲ್ಲ.